ಮರೆಸೂ ಸಾಲಿ

ಬುಧವಾರ ನನಗ ಸೂಟಿ.
ಹೊಸೂರಿನ್ಯಾಗ ಗದಗಿನ ಬಸ್ಸು, ಅಲ್ಲಿಂದ ಮುಂಡರಗಿ ಬಸ್ಸು,
ಡಂಬಳದಾಗ ಇಳದು
ಹಾಲಿನ ಟೆಂಪೊದ ಹಿಂದ, ಖಾಲಿ ಕ್ಯಾನುಗಳ ನಡುವ ಕುಂತು ಹೋದೆ,
ಮಂಗ್ಯಾಗಳನ್ನ ನೋಡಾಕ.

"ನಮ್ಮ ತಗಡಿನ ಮ್ಯಾಲನ ದಿನಾ ನಾಕು ಬರತಾವಲ್ರೀ,
ರೊಕ್ಕಾ ಖರ್ಚು ಮಾಡಿ ಕಪ್ಪತಗುಡ್ಡದ ತನಕ ಯಾಕ?"
ಅಂದಳು ಹೆಂಡತಿ. ಆದರೂ ಬುತ್ತಿ ಕಟ್ಟಿದ್ದಳು.

ಗೇಟಿನ್ಯಾಗ ಬುತ್ತಿ ಇಸಕೊಂಡರು,
ಟೊಪಗಿ ಇಸಕೊಂಡರು.
ಚಾಳೀಸು ಬಿಟ್ಟರು, ಅದಿಲ್ಲದ ನನಗ ಗುಡ್ಡನೂ ಕಾಣೂದಿಲ್ಲ.
ಮಾರಿಗೆ ಬಟ್ಟಿ ಕಟ್ಟಿದರು. ಕೈಗೆ ಬೇವಿನ ನೀರು, ಎರಡು ಸಲ.
"ಕಿಸೇದಾಗ ಏನರ?"
ಒಂದು ಶೇಂಗಾಚಿಕ್ಕಿ ಇತ್ತು. ಸಣ್ಣ ಹುಡುಗನಂಗ ನಾಚಿಕಿ ಆತು.

ದಸ್ತಗೀರ ಅಂತ ಅಲ್ಲಿಯವ.
ಅವನ ಅಪ್ಪ, ಅಪ್ಪನ ಅಪ್ಪ ಡಮರು ಬಡಕೋತ
ಲಕ್ಷ್ಮೇಶ್ವರದಿಂದ ಬ್ಯಾಡಗಿ ತನಕ
ಸಂತಿ ಸಂತಿಗೆ ಮಂಗ್ಯಾನ ಕುಣಿಸಿದವರು.
ಈಗ ಇವನಿಗೆ ಪಗಾರ,
ಅಪ್ಪ ಕಲಿಸಿದ್ದನ್ನ ಮರೆಸಾಕ.
"ಸಾಲೀನ ರೀ ಇದು," ಅಂದ,
"ಆದರ ತಿರಗಾ ಮುರಗಾ. ಇಲ್ಲಿ ಪಾಸಾದವಕ್ಕ
ಏನೂ ಬರಂಗಿಲ್ಲ."

ಹೆಸರಿಡೂದಿಲ್ಲ. ಹದಿನೇಳು, ಹದಿನೆಂಟು, ಇಪ್ಪತ್ಮೂರು.
ತಾಟಿನ್ಯಾಗ ಹಾಕೂದಿಲ್ಲ; ಬಿದರಿನ ತೂತಿನ್ಯಾಗ ಕಾಳು ತುರಕತಾರ,
ಬಾರಿಹಣ್ಣು ಕಲ್ಲಿನ ಕೆಳಗ ಮುಚ್ಚಿಡತಾರ,
ಹಸಿವಿಗೆ ಬೆರಳು ಮೂಡಲಿ ಅಂತ.
ನಗಬಾರದು, ಹಲ್ಲು ಕಂಡರ ಜಗಳ ಅಂತ ತಿಳೀತಾವಂತ.
"ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ.
ನೀವು ಇಲ್ಲೇ ಇಲ್ಲ ಅನ್ನೂಹಂಗ ನಿಂದರ್ರಿ."

ಅದು ನನಗ ಬರತೈತಿ.
ಕೊಪ್ಪೀಕರ ರಸ್ತೆಯ ಬ್ಯಾಂಕಿನ ಬಾಗಲದಾಗ
ಹದಿನಾಲ್ಕು ವರ್ಷ ಹಾಂಗ ನಿಂತೇನಿ.

ಹದಿನೇಳು ಜಾಳಗಿಯ ಆಚೆ ಕುಂತಿತ್ತು.
ಕೊಳ್ಳಿನ ಸುತ್ತ ಒಂದು ಬೆರಳಗಲ ಕೂದಲಿಲ್ಲ,
ಸರಪಳಿ ಬಿಚ್ಚಿ ಎರಡು ವರ್ಷ ಆದರೂ.
ಆಗಾಗ ನಡ ಮುಟ್ಟಿಕೊಳ್ಳತಿತ್ತು.
ಲಂಗ ಸರಿ ಮಾಡಿಕೊಳ್ಳೂದಂತ ಅದು.
ಲಂಗ ಇಲ್ಲ.

ಗುಡ್ಡದ ಮ್ಯಾಲ ಗಾಳಿಪಂಖಾ ತಿರಗತಿದ್ದವು.
ಎದ್ದು ನಿಂತಿತು,
ಎರಡು ಕಾಲ ಮ್ಯಾಲ, ನೆಟ್ಟಗ,
ಬಲಗೈ ಹಣಿಗೆ ಹಚ್ಚಿತು.

ಮತ್ತ ನನ್ನ ಕೈ
(ಏನ್ ಹೇಳ್ಲಿ, ನಾ ಎತ್ತಲಿಲ್ಲ, ಅದ ಎದ್ದಿತು)
ಮ್ಯಾನೇಜರಿಗೆ ಏಳೂಹಂಗ,
ಬಂಗಾರ ಅಡಾ ಇಡಾಕ ಬಂದವರಿಗೆ ಏಳೂಹಂಗ,
ಕಾರಿನ ಬಾಗಿಲದ ಸಪ್ಪಳಕ್ಕ,
ನಡುರಾತ್ರಿ ಹೆಂಡತಿ ದೀಪ ಹಚ್ಚಿದರ
ನಿದ್ದಿಯೊಳಗ ಏಳೂಹಂಗ
ಹಣಿಗೆ ಹೋಗಿ ನಿಂತಿತು.

ಜಾಳಗಿಯ ಎರಡೂ ಕಡೆ ಇಬ್ಬರು.
ಯಾರು ಮೊದಲ ಇಳಿಸಬೇಕು, ಇಬ್ಬರಿಗೂ ಗೊತ್ತಿಲ್ಲ.

ದಸ್ತಗೀರ ರೆಟ್ಟಿ ಹಿಡದು ಜಗ್ಗಿದ.
ಬೈಲಿಲ್ಲ. ಬೈದಿದ್ದರ ಛಲೋ ಇತ್ತು.
"ಏಳು ತಿಂಗಳಾಗಿತ್ರಿ ಸಲಾಮ ಬಿಟ್ಟು.
ಮಾಡಿದರ ಯಾರೂ ನೋಡಂಗಿಲ್ಲ, ಏನೂ ಸಿಗಂಗಿಲ್ಲ ಅಂತ
ತಿಳಕೊಂಡಿತ್ತು. ನಿಮ್ಮ ನಿಂತ ಧಾಟಿ ನೋಡಿ ಮಾಡಿತೋ ಏನೋ."
ಒಂದೀಟು ತಡದು:
"ಅದರ ಜನ್ಮದಾಗ ಯಾರೂ ಅದಕ್ಕ ತಿರಗಿ ಮಾಡಿರಲಿಲ್ರಿ."

ಗೋಡಿಯ ಹಲಗಿ ಮ್ಯಾಲ ಹದಿನೇಳರ ಮುಂದ ಒರಸಿ
ಸೊನ್ನಿ ಬರದ.
ಗುಡ್ಡಕ್ಕ ಬಿಡೂದು ಮತ್ತ ಯಾವಾಗ, ಕೇಳಿದೆ.
"ಈ ಮಳಿಗಾಲ ಮುಗದ ಮ್ಯಾಲ ಅಂತಿತ್ತು," ಅಂದ,
ಪಂಖಾದ ಕಡೆ ನೋಡಿದ.

ಬುತ್ತಿ ವಾಪಸ ಕೊಟ್ಟರು. ಚಿಕ್ಕೀನೂ ಕೊಟ್ಟರು.

ಗುರುವಾರ, ಹತ್ತಕ್ಕ ಹತ್ತು ನಿಮಿಷ ಇರತ ಕಾರು ಬಂತು.
ಕೈ ಕಿಸೇದಾಗ ಇಟ್ಟಿದ್ದೆ, ಚಿಕ್ಕಿಯ ಪುಡಿಯೊಳಗ ಒತ್ತಿ ಹಿಡದು.
ಏಳಾಕ ನೋಡಿತು. ಬಿಡಲಿಲ್ಲ.
ಮ್ಯಾನೇಜರ ಮೇಡಮ್ಮು ಮೆಟ್ಟಲ ಮ್ಯಾಲ ಒಂದು ಗಳಿಗಿ ನಿಂತರು,
ಏನೋ ಮರತವರಂಗ,
ಚೀಲ ಮುಟ್ಟಿ ನೋಡಿಕೊಂಡು ಒಳಗ ಹೋದರು.
ಒಂದು ದಿನ, ಅಂತ ಎಣಿಸಿದೆ.

ಹನ್ನೊಂದರ ಸುಮಾರು ಪಿಂಚಣಿಗೆ ಒಬ್ಬಾಕಿ ಮುದುಕಿ,
ಕೋಲು ಊರಕೋತ ಮೆಟ್ಟಲ ಹತ್ತಿ,
ಖಾಕಿ ನೋಡಿ, ಕೋಲು ಕಂಕಳಾಗ ಸಿಗಿಸಿ,
ನನಗ ಕೈ ಮುಗದಳು.

ಕಿಸೆಯಿಂದ ಕೈ ಹೊರಗ ಬಂತು.
ಎರಡೂ ಬಂದವು.