ಕೈ ಅಳತೆ

ಮುಖ ನೋಡಿದ್ದು ಆಮೇಲೆ, ಡಾರ್ಕಸ್. ಮೊದಲು ಬಂದದ್ದು ಕೈ,
ಕಂದು ಕಾಗದದ ಮೇಲೆ ಇದ್ದಿಲಿನ ಗೆರೆಯಾಗಿ,
ಅಂಗಡಿಯ ಹುಡುಗನ ಬುಟ್ಟಿಯಲ್ಲಿ.
ಕೆಳಗೆ ಹೆಸರು: ಮಿಸ್ ಫಿಲಡೆಲ್ಫಿಯಾ ಓರ್ಮ್.
ಮೊಣಕೈ ಮುಟ್ಟುವ ಬಿಳಿ ಗವಸು ಬೇಕು, ನೃತ್ಯಕ್ಕೆ,
ಗುರುವಾರದೊಳಗೆ.

ವೂಸ್ಟರಿನಲ್ಲಿ ಸೆವರ್ನ್ ಉಕ್ಕಿದರೆ
ಮೊದಲು ಒದ್ದೆಯಾಗುವುದು ನಮ್ಮ ಓಣಿ.
ಅಲ್ಲಿ ನಾನು ಕಿಟಕಿಗೆ ಹತ್ತಿ ಕೂತು
ಮೊಟ್ಟೆಯ ಹಳದಿ ಕುಡಿಸಿ ಹದಮಾಡಿದ ಆಡುಮರಿಯ ತೊಗಲನ್ನು
ಹಿತ್ತಾಳೆ ಹಲ್ಲಿನ ಇಕ್ಕಳಕ್ಕೆ ಕಚ್ಚಿಸಿ ಹೊಲಿಯುವವಳು.
ಆ ಇಕ್ಕಳಕ್ಕೆ ಕತ್ತೆ ಅಂತಲೇ ಹೆಸರು.
ಕತ್ತೆಗೂ ನಿನಗೂ ಕೂಲಿ ಒಂದೇ ಅಂತ ಅವ್ವ ನಗುತ್ತಿದ್ದಳು.
ಹಳದಿ ತೊಗಲಿಗೆ, ಬಿಳಿ ನಮಗೆ:
ಓಣಿಯ ಮಕ್ಕಳೆಲ್ಲ ಮೊಟ್ಟೆಯ ಬಿಳಿ ತಿಂದೇ ಬೆಳೆದವು.

ಗೆರೆ ಬಾಯಿಬಿಡುತ್ತದೆ. ಉಂಗುರದ ಬೆರಳ ಹತ್ತಿರ
ಇದ್ದಿಲು ಒಂದಿಷ್ಟು ನಡುಗಿತ್ತು.
ಯಾರೋ ಬಾಗಿಲು ತೆರೆದಿರಬೇಕು ಆಗ,
ಗ್ಯಾರವೇ ಬಂದ ಅಂದಿರಬೇಕು.
ಸೆಪ್ಟಿಮಸ್ ಗ್ಯಾರವೇ: ವರ್ಷಕ್ಕೆ ಎರಡು ಸಾವಿರ ಪೌಂಡು,
ಜೋಡಿ ಕುದುರೆಯ ಬಂಡಿ, ಒಬ್ಬಳು ತಾಯಿ.
ತಾಯಿಯ ಮಾತು ಬಂದರೆ ಊರು ದನಿ ತಗ್ಗಿಸುತ್ತಿತ್ತು.

ಮೂರು ಚಳಿಗಾಲ, ಮೂರು ಜೊತೆ.
ಪ್ರತಿ ಸಲವೂ ಬೆರಳು ತುಸು ಸಣ್ಣ.
ಕಾದರೆ ಬೆರಳೂ ಸೊರಗುತ್ತದೆ, ಗೊತ್ತೇ?
ನಾಲ್ಕನೆಯ ಚಳಿಗೆ ಬಂತು ದೊಡ್ಡ ಆರ್ಡರು:
ಗ್ಯಾರವೇ ಮದುವೆ, ಬಂದವರಿಗೆ ಹಂಚಲು ನಾಲ್ಕು ಡಜನ್,
ಮದುಮಗಳಿಗೆ ಒಂದು ಜೊತೆ.
ಕಾಗದ ಬಿಡಿಸಿದೆ. ಕೈ ಬೇರೆ.
ಗುಂಡು ಗುಂಡು ಬೆರಳು, ಬ್ಯಾಂಕಿನವನ ಮಗಳದು.
ಗೆರೆ ಎಲ್ಲೂ ನಡುಗಿರಲಿಲ್ಲ.

ಕೈಹಿಡಿಯುತ್ತಾನೆ ಅಂತ ಕಾದವಳಿಗೆ ಕೈಕೊಟ್ಟ.
ಹಾಗಂತ ನಾನು ಸೂಜಿ ಕೆಳಗಿಟ್ಟೆನೇ?
ನಲವತ್ತೊಂಬತ್ತು ಜೊತೆ ಹೊಲಿದು ಪೆನ್ನಿ ಎಣಿಸಿಕೊಂಡೆ.
ಸುಳ್ಳು ಯಾಕೆ, ಒಳಗೊಳಗೆ ಚೂರು ಖುಷಿಯೂ ಆಯಿತು,
ದೊಡ್ಡವರ ಕೈಯೂ ಬರಿಗೈ ಆಗುತ್ತದಲ್ಲ ಅಂತ.

ಆಮೇಲೆ ಫ್ರಾನ್ಸಿನ ಗವಸು ಬಂದು ಅರ್ಧ ಓಣಿ ಖಾಲಿ.
ಅದೇ ವರ್ಷ ಅವಳ ಅಪ್ಪ ತೀರಿಕೊಂಡ.
ಗಂಡು ಹುಟ್ಟದ ಮನೆ; ದಾಯಾದಿ ಬಂದು ಬೀಗದಕೈ ತಗೊಂಡ.
ಒಂದು ಸಂಜೆ, ದೀಪ ಹಚ್ಚುವ ಮುಂಚೆ, ಹಿತ್ತಿಲ ಬಾಗಿಲಲ್ಲಿ
ಒಬ್ಬಳು, ಟೊಪ್ಪಿಯ ಅಂಚು ಮೂಗಿನ ತನಕ ಎಳೆದು.
ಚಿಲಕದ ಮೇಲೆ ಗವಸಿಲ್ಲದ ಕೈ.
ಹೆಸರು ಕೇಳಲಿಲ್ಲ ನಾನು. “ಬನ್ನಿ, ಮಿಸ್ ಓರ್ಮ್.”
ಬೆಚ್ಚಿದಳು.

ಕೆಲಸ ಬೇಕಿತ್ತು. ಯಾರಿಗೂ ತಿಳಿಯಬಾರದಿತ್ತು.
ನನ್ನ ಹೆಸರಲ್ಲಿ ತಂದೆ, ನನ್ನ ಹೆಸರಲ್ಲಿ ಕೊಟ್ಟೆ,
ಕೂಲಿ ಸರಿಪಾಲು. ಅಲ್ಲ, ಮೊದಲ ತಿಂಗಳು
ನನಗೊಂದು ಪೆನ್ನಿ ಹೆಚ್ಚು ಇಟ್ಟುಕೊಂಡೆ.
ಅವಳಿಗದು ಗೊತ್ತಿತ್ತು. ಆಮೇಲೆ ನಿಲ್ಲಿಸಿದೆ.
ಸೂಜಿ ಚುಚ್ಚಿ ಬಿಳಿ ತೊಗಲಿಗೆ ರಕ್ತ ಹತ್ತಿದಾಗ
“ಉಗುಳು ಹಚ್ಚಿ ಒರೆಸಿ,
ನಿಮ್ಮ ರಕ್ತಕ್ಕೆ ನಿಮ್ಮ ಉಗುಳೇ ಮದ್ದು” ಅಂದೆ.
ಉಗುಳು ಎಂಬ ಮಾತಿಗೇ ಅವಳ ಕಿವಿ ಕೆಂಪಾಯಿತು.
ಒರೆಸಿದಳು.

ಎರಡು ವರ್ಷ ನಾನು ಅವಳಿಗೆ ಬರೀ ಟ್ಯಾಂಡಿ,
ಆಳನ್ನು ಕರೆವ ಹಾಗೆ.
ನಾನೂ ಮಿಸ್ ಬಿಡಲಿಲ್ಲ.
ಒಂದೇ ಮೇಣದಬತ್ತಿ, ಆ ಕಡೆ ಅವಳು, ಈ ಕಡೆ ನಾನು.

ನನಗೂ ಒಬ್ಬನಿದ್ದ, ಜೋಬ್, ತೊಗಲಿಗೆ ಬಣ್ಣ ಹಾಕುವವನು.
ಭಾನುವಾರವೂ ಉಗುರು ಹಳದಿ.
ಸೇತುವೆಯ ಮೇಲೆ ಕೈ ಹಿಡಿಯುತ್ತಿದ್ದ, ಅಳತೆ ಕೇಳಿದವನಲ್ಲ.
ಜ್ವರ ಬಂತು, ಒಯ್ದಿತು.
ಒಂದು ರಾತ್ರಿ ದಾರ ಕಡಿಯುತ್ತ ಹಾಗೇ ಬಾಯಿಗೆ ಬಂತು ಇದು.

ಅವಳು ಮಾತಾಡದೆ ಎದ್ದಳು. ಹಳೆಯ ಆರ್ಡರಿನ ಕಾಗದ ಮಗುಚಿ,
ನನ್ನ ಕೈ ಎಳೆದು ಅದರ ಮೇಲಿಟ್ಟು
ಒಲೆಯ ಇದ್ದಿಲಲ್ಲಿ ಸುತ್ತಲೂ ಗೆರೆ ಎಳೆದಳು.
ಯಾಕೆ ಅಂದೆ. ಸುಮ್ಮನೆ ಅಂದಳು.
“ಹೆಬ್ಬೆರಳು ಸೊಟ್ಟಗಿದೆ, ಕೆಝಾಯಾ.”

ಆ ಕಾಗದ ಏನಾಯಿತು ಅಂತೀಯಾ?
ಆ ಚಳಿಗೆ ಕಿಟಕಿಯ ಚೌಕಟ್ಟು ಬಿರಿದಿತ್ತು.
ಮಡಚಿ ಸಂದಿಗೆ ತುರುಕಿದೆ.
ಇನ್ನೂ ಅಲ್ಲೇ ಇದೆ ನೋಡು,
ನದಿಯ ಗಾಳಿ ತಡೆಯುತ್ತ.