ಮೂರು ಎಂಬಿ ಜಾಸ್ತಿ

ಒಂದು ಜಿಬಿ, ಮೇಲೆ ನಾನೂರು ಎಂಬಿ.
ಮೀನು ಬಿದ್ದ ಲೆಕ್ಕ ಬರೆದಿಡುವ ಪ್ರೋಗ್ರಾಮು ಅಷ್ಟೇ,
ಅದಕ್ಕೆ ಇಷ್ಟು ತೂಕದ ಕಂಟೇನರ್ ಇಮೇಜು.
ಬೋಟು ಅಳಿವೆ ದಾಟಿದ ಮೇಲೆ ಸಿಗ್ನಲ್ಲು
ಒಂದು ಗೀಟು, ಕೆಲವೊಮ್ಮೆ ಅದೂ ಇಲ್ಲ.
ನೂರಕ್ಕೆ ಹನ್ನೊಂದು ಇಳಿಯುವಷ್ಟರಲ್ಲಿ
ಎರಡು ಸಲ ಬಲೆ ಎಳೆದಾಗಿರುತ್ತದೆ ಎಂದು
ತಾಂಡೇಲ ಲೋಕಯ್ಯ ಪುತ್ರನ್ ಫೋನಿನಲ್ಲಿ ನಕ್ಕರು.
ಬೈದಿದ್ದರೆ ಹಗುರಾಗುತ್ತಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ:
ಕೊನೆಯ ಸಾಲಿನಲ್ಲಿ ಅಳಿಸು, ಅಳಿಸು, ಅಳಿಸು.
ಅಳತೆ ಕೂದಲಷ್ಟೂ ಕದಲಲಿಲ್ಲ.
ಕೆಳಗಿನ ಪದರದಲ್ಲಿ ಇಟ್ಟದ್ದನ್ನು
ಮೇಲಿನ ಪದರ ಮುಚ್ಚುತ್ತದೆ, ತೆಗೆಯುವುದಿಲ್ಲ.
ಗೋಡೆಗೆ ಸುಣ್ಣ ಬಳಿದು
ಮನೆ ಹಗುರಾಯಿತು ಅಂದ ಹಾಗೆ.

ಸಂಜೆ ಫೆರಿ ಇಳಿದು ಬೆಂಗ್ರೆಯಲ್ಲಿ ನಡೆವಾಗ
ನದಿಯಂಚಿನ ಯಾರ್ಡಿನಲ್ಲಿ ಇದಿನಬ್ಬಾಕ
ಹೊಸ ಬೋಟನ್ನು ನೀರಿಗಿಳಿಸುವ ಗಡಿಬಿಡಿಯಲ್ಲಿದ್ದರು.
ಎಂಟು ತಿಂಗಳು ಅದನ್ನು ಹೊತ್ತ ಊರೆಗೋಲು,
ಗರಗಸ, ಬಾಚಿ, ಗೇರೆಣ್ಣೆಯ ಡಬ್ಬಿ,
ಮೊಣಕಾಲೆತ್ತರ ಮರದ ಹುಡಿ
ಎಲ್ಲ ದಡದಲ್ಲೇ.
ಬೋಟೊಂದೇ ಜಾರಿ ಹೋಯಿತು.
ಚೀಲ ಕೂಡ ಇಳಿಸದೆ ನಿಂತು ನೋಡಿದೆ.

ಆ ರಾತ್ರಿ ಫೈಲನ್ನು ಎರಡಾಗಿ ಸೀಳಿದೆ.
ಮೇಲರ್ಧ ಯಾರ್ಡು: ಕಂಪೈಲರು, ಲೈಬ್ರರಿಗಳ ಮಂದೆ,
ಯಾರೋ ಕಲಿಯಲೆಂದು ಹಾಕಿ ಮರೆತ ಎಡಿಟರು.
ಕೆಳಗರ್ಧ ನೀರು: ಅಲ್ಲಿಗೆ ದಾಟಿದ್ದು
ಕಟ್ಟಿ ಮುಗಿದ ಒಂದು ಫೈಲು.
ಮೂವತ್ತೆಂಟು ಎಂಬಿ!
ದಾಯೆ ತೆಲಿಪುವ, ಎಂದು ಅಮ್ಮ ಎದ್ದು ಬಂದಳು.
ನಗುವಿಗೆ ಕಾರಣ ಹೇಳಲು
ತುಳುವಿನಲ್ಲಿ ನನಗೆ ಮಾತು ಸಿಗಲಿಲ್ಲ.

ನಾಲ್ಕನೆಯ ದಿನ, ನಸುಕಿನ ಮೂರು ಗಂಟೆ.
ಪುತ್ರನ್ ಫೋನು: ಈಗಷ್ಟೇ ಎಳೆದ ಬಂಗುಡೆ
ನಿನ್ನೆಯ ತಾರೀಖಿಗೆ ಹೋಗಿ ಕೂತಿದೆ.
ಒಳಹೊಕ್ಕು ನೋಡೋಣವೆಂದರೆ
ಬಾಗಿಲಿಲ್ಲ, ದೀಪವಿಲ್ಲ,
ಏನಿದೆ ಎಂದು ಕೇಳಲು ಒಂದು ಕಮಾಂಡೂ ಇಲ್ಲ.
ಊರಿನ ಗಂಟೆ ಎಷ್ಟೆಂದು ತಿಳಿಸುವ ಪುಟ್ಟ ಕಡತವನ್ನು
ಕಸವೆಂದು ದಡಕ್ಕೆ ಎಸೆದವಳು ನಾನೇ.
ಪಾಪ, ಅದು ಎಲ್ಲೋ ದೂರದ ದೇಶದ ಗಂಟೆ ಹಿಡಿದು
ನಿಷ್ಠೆಯಿಂದ ಬರೆಯುತ್ತಿತ್ತು.

ಇದಿನಬ್ಬಾಕ ಕೇಳಿ ಅಂದದ್ದು ಇಷ್ಟೇ:
"ಬೋಟಿನ ತಳದ ಪೆಟ್ಟಿಗೆ ನೀನು ನೋಡ್ಲಿಲ್ಲ ಮಗಳೇ.
ಒಂದು ಸುತ್ತಿಗೆ, ಹಿಡಿ ಹತ್ತಿನೂಲು, ನಾಲ್ಕು ಮೊಳೆ.
ಅದು ಸಮುದ್ರಕ್ಕೂ ಹೋಗ್ತದೆ."

ಈಗ ನಲವತ್ತೊಂದು.
ಊರಿನ ಗಂಟೆ, ಮತ್ತೆ ಇಣುಕಲು ಒಂದು ಕಿಂಡಿ.
ಈ ಮೂರು ಯಾಕೆ ಎಂದು
ರಿವ್ಯೂನಲ್ಲಿ ವಿಲ್ಮಾ ಲಸ್ರಾದೊ ಕೇಳಿದ್ದಾಳೆ.
ಉತ್ತರ ಶುರು ಮಾಡಿದ್ದೆ, ಅಷ್ಟರಲ್ಲಿ ಫೆರಿ ಬಂತು.