ಇಪ್ಪತ್ಮೂರನೇ ನಂಬರು

ಅಂಗಿಗೆ ಹತ್ತು ರೂಪಾಯಿ. ಕಾಜಾ ಏಳು, ಗುಂಡಿ ಏಳು,
ಒಳಮಡಿಕೆಯಲ್ಲೊಂದು ಬಿಡಿ ಗುಂಡಿ, ಧರ್ಮಕ್ಕೆ.
ದಿನಕ್ಕೆ ಇಪ್ಪತ್ತು ಅಂಗಿ, ಕಣ್ಣು ಮಾತು ಕೇಳಿದರೆ.
ಅಕ್ಕಿ, ಗ್ಯಾಸು, ಅತ್ತೆಯ ಬಿಪಿ ಮಾತ್ರೆ, ಚೀಟಿದುಡ್ಡು
ಎಲ್ಲ ಕಳೆದು ತಿಂಗಳಿಗೆ ಮೂರು ಅಂಗಿ
ನನ್ನವು.

ಆ ಮೂರನ್ನೂ ತೊಟ್ಟುಕೊಂಡೇ ಹೋಗುತ್ತೇನೆ
ಗುಬ್ಬಿ ಗೇಟಿನ ಹತ್ತಿರ, ಇನಾಯತ್ ಸಾಬರ ಗುಜರಿಗೆ.
ಫ್ಯಾನಿನ ರೆಕ್ಕೆ, ಸತ್ತ ಬ್ಯಾಟರಿಗಳ ಹಿಂದೆ
ನಾಲ್ಕು ಗೋಣಿಚೀಲ ಕ್ರಿಕೆಟ್ ಕಾರ್ಡು.
ಒಂದು ಕಾಲಕ್ಕೆ ಬಬ್ಬಲ್‌ಗಮ್ಮಿನ ಜೊತೆ ಬರುತ್ತಿದ್ದವು,
ಮುಟ್ಟಿದ ಬೆರಳು ಸಂಜೆವರೆಗೂ ಸಿಹಿ.
ಯಾರೋ ಲೆಕ್ಕ ತಪ್ಪಿ, ಇಲ್ಲಾ ಆಸೆ ಹೆಚ್ಚಾಗಿ
ಶಿವಕಾಶಿಯಲ್ಲಿ ಲಾರಿಗಟ್ಟಲೆ ಅಚ್ಚು ಹಾಕಿಸಿದರು.
ಟೂರ್ನಿ ಮುಗಿಯಿತು, ಗಮ್ಮು ಕಲ್ಲಾಯಿತು,
ಹುಡುಗರಿಗೆ ಮೀಸೆ ಬಂತು.
ಮಂಡಿಪೇಟೆಯ ಗೋದಾಮಿನಲ್ಲಿ ಇಲಿಗಳು ಮಾತ್ರ
ಆಟ ಮುಂದುವರಿಸಿದವು.

"ಕಿಲೋ ಲೆಕ್ಕ ನಿನಗೆ ಬೇಡಮ್ಮ, ಆರಿಸ್ಕೋ, ರೂಪಾಯಿಗೆರಡು."
ಹೆಂಗಸೊಬ್ಬಳು ಇದನ್ನು ಕೇಳಿಕೊಂಡು ಬಂದದ್ದು
ಮೊದಲ ಸಲ ನಗು ತರಿಸಿತ್ತು ಸಾಬರಿಗೆ.
ಈಗ ಸ್ಟೂಲು ಕೊಡುತ್ತಾರೆ.

ಚಿಕ್ಕಂದಿನಲ್ಲಿ ಇವು ತಮ್ಮನ ಆಸ್ತಿ. ಮಲ್ಲೇಶ ಪ್ಯಾಕೆಟ್ಟು ಹರಿದು
ಹೊಸದು ತನಗೆ, ಡಬಲ್ಲು ನನಗೆ.
ಡಬಲ್ಲೆಂದರೆ ಯಾವಾಗಲೂ ಇಪ್ಪತ್ಮೂರು:
ಆರ್. ಗಣಾಚಾರಿ, ಎಡಗೈ ಸ್ಪಿನ್.
ಪಂದ್ಯ ಮೂರು, ವಿಕೆಟ್ಟು ಎರಡು, ರನ್ನು ಹನ್ನೊಂದು.
ಅವನನ್ನೇ ಯಾಕೆ ಅಷ್ಟೊಂದು ಹಾಕಿದರೋ.
ಪಣಕ್ಕಿಟ್ಟರೆ ಯಾರೂ ಆಡುತ್ತಿರಲಿಲ್ಲ.
"ಹತ್ತು ಗಣಾಚಾರಿ ಕೊಟ್ಟರೂ ಒಬ್ಬ ಕೀಪರ್ ಬರಲ್ಲ ಕಣೇ"
ಅನ್ನುತ್ತಿದ್ದ ಮಲ್ಲೇಶ ಈಗ ಕ್ಯಾತ್ಸಂದ್ರದಲ್ಲಿ ಟೈಲ್ಸ್ ಹಾಕುತ್ತಾನೆ,
ಕಾರ್ಡು ಅಂದರೆ "ಪ್ಯಾನೋ, ರೇಷನ್ನೋ?" ಅನ್ನುತ್ತಾನೆ.

ಎಪ್ಪತ್ತೆರಡರ ಸೆಟ್ಟು. ಎಪ್ಪತ್ತೊಂದು ನನ್ನಲ್ಲಿವೆ,
ಸೀರೆ ಡಬ್ಬದಲ್ಲಿ, ಬ್ಲೌಸ್ ಪೀಸಿನ ಪ್ಲಾಸ್ಟಿಕ್ಕು ಕತ್ತರಿಸಿ
ಒಂದೊಂದಕ್ಕೂ ಹೊಲಿದ ಚೀಲ.
ಐವತ್ತೇಳು ಇಲ್ಲ.

ಹೋದ ಶನಿವಾರ ಸಾಬರು ಗಲ್ಲಾಪೆಟ್ಟಿಗೆಯಿಂದ
ಐವತ್ತೇಳನ್ನೇ ತೆಗೆದು ನನ್ನ ಕೈಗಿಟ್ಟರು.
ಚಿನ್ನದ ಅಂಚು. ಶತಕ ಹೊಡೆದ ಬ್ಯಾಟು ಆಕಾಶಕ್ಕೆ.
"ತಿಪಟೂರಿನ ಡಾಕ್ಟರೊಬ್ಬರು ಮುನ್ನೂರು ಅಂದ್ರು.
ನಿನಗೆ ಇನ್ನೂರೈವತ್ತು."
ಇಪ್ಪತ್ತೈದು ಅಂಗಿ. ನೂರ ಎಪ್ಪತ್ತೈದು ಕಾಜಾ.
ಬೆರಳು ತಾನಾಗಿಯೇ ಎಣಿಸಿತು.
ಅಂಚು ಸವರಿದೆ, ತಿರುಗಿಸಿ ಓದಿದೆ, ಬೆಳಕಿಗೆ ಹಿಡಿದೆ.
ಎಲ್ಲ ಸರಿಯಾಗಿತ್ತು. ಒಂದು ಬಣ್ಣವೂ ತನ್ನ ಗೆರೆ ದಾಟಿರಲಿಲ್ಲ.
ವಾಪಸ್ಸು ಕೊಟ್ಟೆ.

ಚೀಲಕ್ಕೆ ಕೈ ಹಾಕಿದರೆ ಮತ್ತೆ ಯಾರು, ಗಣಾಚಾರಿ.
"ಎಷ್ಟಿವೆಯಮ್ಮ ಇವನವು?"
ನೂರ ಹನ್ನೆರಡು.
"ಮತ್ಯಾಕೆ?"

ಅಲ್ಲಿ ಹೇಳಲು ಬರಲಿಲ್ಲ.
ಒಂದರಲ್ಲಿ ಅವನ ಮೀಸೆ ಜಾರಿ ಕೆನ್ನೆಗೆ ಬಂದಿದೆ.
ಒಂದರಲ್ಲಿ ಕೆಂಪು ಶಾಯಿ ಮುಗಿದು ಚೆಂಡು ನಿಂಬೆಹಣ್ಣಾಗಿದೆ.
ಇನ್ನೊಂದು ಓರೆಯಾಗಿ ಕತ್ತರಿಸಿ, ಪಕ್ಕದ ಕಾರ್ಡಿನವನ ಮೊಣಕೈ ಒಳಬಂದು
ಪಾಪ, ಮೂರು ಕೈಯಿದ್ದೂ ಎರಡೇ ವಿಕೆಟ್ಟು.
ನೀಲಿ ಸರಿದು ಹೋದದ್ದರಲ್ಲಿ ಅವನ ಬೆನ್ನಿಗೇ
ಇನ್ನೊಬ್ಬ ತೆಳ್ಳಗಿನ ಗಣಾಚಾರಿ
ತನ್ನ ಓವರಿಗಾಗಿ ಕಾಯುತ್ತಿದ್ದಾನೆ.
ನನ್ನ ಕಾಜಾಗಳಲ್ಲೂ ಮೂರನೆಯದು ಯಾವಾಗಲೂ
ಕೊಂಚ ಎಡಕ್ಕೆ ವಾಲುತ್ತದೆ, ಟೈಲರ್ ರೇವಣ್ಣನಿಗೆ ಕಾಣದಷ್ಟು.
ಎಷ್ಟು ಜನರ ಎದೆಯ ಮೇಲೆ ಓಡಾಡುತ್ತಿದೆಯೋ ಅದು,
ಅಶೋಕ ರಸ್ತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ.

ಒಂದು ರೂಪಾಯಿ ಕೊಟ್ಟೆ. ಎಂಟಾಣೆ ಚಿಲ್ಲರೆ ಈಗ ಯಾರ ಹತ್ತಿರವಿದೆ,
ಸಾಬರೇ ನೋಡದೆ ಇನ್ನೊಂದನ್ನೆಳೆದು ಕೊಟ್ಟರು.
ರಾತ್ರಿ ಅತ್ತೆ ಮಲಗಿದ ಮೇಲೆ ತೆಗೆದು ನೋಡಿದೆ.
ಅದೂ ಇಪ್ಪತ್ಮೂರು.
ಶಾಯಿಯ ಹನಿ ಬಿದ್ದು ಎಡಗಣ್ಣು ಮುಚ್ಚಿದೆ.
ಚೆಂಡು ಇನ್ನೂ ಕೈಯಲ್ಲೇ ಇದೆ,
ನನಗೆ ಕಣ್ಣು ಹೊಡೆಯುತ್ತಿದ್ದಾನೆ.